ಮೊಡವೆಯೂ ನಮ್ಮ ಊಟವೂ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ನಮ್ಮಲ್ಲಿ ಮನೆಮನೆಯ ಗಾದೆ. ಮುಖದಲ್ಲಿ ಮೊಡವೆ ಎದ್ದ ಹುಡುಗ ಹುಡುಗಿಯರಿಗೆ ಮಾತ್ರ ಈ ಗಾದೆ ಒಂದು ಆರೋಪದಂತೆ ಕೇಳಿಸುತ್ತದೆ. ಮೊಡವೆ ಬಂದಿದೆ, ಆದುದರಿಂದ ತಿನ್ನಬಾರದ್ದೇನನ್ನೋ ತಿಂದಿದ್ದಾರೆ, ನಾಲಿಗೆಯ ಚಪಲಕ್ಕೆ ಮುಖ ದಂಡ ತೆರುತ್ತಿದೆ ಎಂಬುದು ನೋಡಿದವರ ತೀರ್ಪು. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ವೈದ್ಯಶಾಸ್ತ್ರದ ವಿಷಯಕ್ಕೆ ಕೈ ಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಮೊಡವೆಗೆ ಕಲಾ ವಿಭಾಗ, ವಿಜ್ಞಾನ ವಿಭಾಗ ಎಂಬ ಭೇದವಿಲ್ಲ. ಅಲ್ಲದೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಪತ್ರ ಬಂದರೂ, ಔಷಧದ ಚೀಟಿ ಬಂದರೂ, "ನೀ ಓದಿದಾಕಿ, ಏನೈತಿ ಹೇಳು" ಎಂದು ಮನೆಯವರೆಲ್ಲ ನನ್ನ ಮುಖ ನೋಡುತ್ತಾರೆ. ಹಾಗೆ ಕೇಳಿದಾಗ ಊಹಿಸಿ ಹೇಳಬಾರದು, ತಿಳಿದು ಹೇಳಬೇಕು ಎಂಬ ಹೊಣೆ ನನ್ನ ಮೇಲಿದೆ. ಈ ವಿಷಯದಲ್ಲಿ ತಿಳಿಯದೆ ನಡೆದು ನಾನೇ ಒಮ್ಮೆ ಕೆಟ್ಟಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಪಿ.ಯು.ಸಿ. ಮುಗಿಯುವ ಹೊತ್ತಿಗೆ ನನ್ನ ಗಲ್ಲ, ಹಣೆಗಳ ಮೇಲೆ ಮೊಡವೆಗಳು ಒತ್ತೊತ್ತಾಗಿ ಎದ್ದವು. ಅವ್ವ ಹೇಳಿದಳು: "ಶೇಂಗಾ ಉಷ್ಣ ಐತಿ, ತಿನಬ್ಯಾಡ." ಶೇಂಗಾ ಹಿಂಡಿ ಬಿಟ್ಟೆ. ನೆರೆಮನೆಯವರು ಮೊಟ್ಟೆ ಎಂದರು, ಮೊಟ್ಟೆ ಬಿಟ್ಟೆ. ಗೆಳತಿಯರು ಎಣ್ಣೆ ಎಂದರು. ಒಗ್ಗರಣೆ ಬಿದ್ದ ಪಲ್ಲೆಗಳನ್ನೆಲ್ಲ ಬಿಟ್ಟೆ. ಕಾಳಿನ ಪಲ್ಲೆಯೂ ಹೀಗೆಯೇ ದೂರವಾಯಿತು. ಕಡೆಗೆ ನನ್ನ ತಾಟಿನಲ್ಲಿ ಉಳಿದದ್ದು ಬಿಳಿ ಅನ್ನ ಮತ್ತು ತಿಳಿ ಸಾರು. ಹಸಿವಾದಾಗ ಸಕ್ಕರೆ ಹಾಕಿದ ಚಹಾ, ಅದರ ಜೊತೆಗೆ ಬಿಸ್ಕೀಟು. ಇವನ್ನು ಯಾರೂ 'ಉಷ್ಣ' ಎನ್ನಲಿಲ್ಲ. ಹೀಗೆ ಒಂದೂವರೆ ವರ್ಷ ನಡೆಯಿತು. ಮೊಡವೆ ಹೋಗಲಿಲ್ಲ.

ದ್ವಿತೀಯ ವರ್ಷದಲ್ಲಿದ್ದಾಗ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆಯಿತು. ಉತ್ಸಾಹದಿಂದ ಸಾಲಿನಲ್ಲಿ ನಿಂತೆ. ಬೆರಳು ಚುಚ್ಚಿ ನೋಡಿದ ವೈದ್ಯರು ನನ್ನನ್ನು ಬದಿಗೆ ಕರೆದರು. ರಕ್ತ ಕೊಡುವವರಲ್ಲಿ ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು, ನನ್ನಲ್ಲಿದ್ದುದು 10.4. "ನೀನು ರಕ್ತ ಕೊಡುವವಳಲ್ಲ ತಂಗಿ, ಕೂಡಿಸಿಕೊಳ್ಳಬೇಕಾದವಳು. ದಿನಾಲು ಏನು ಉಣ್ಣುತ್ತೀ?" ಎಂದು ಕೇಳಿದರು. ನಾನು ಉಣ್ಣುವುದನ್ನು ಹೇಳುವ ಬದಲು ಬಿಟ್ಟದ್ದನ್ನು ಹೇಳತೊಡಗಿದೆ. ಆ ಪಟ್ಟಿಯೇ ಉದ್ದವಾಗಿತ್ತು. ಅವರು ಕೇಳಿ ಮುಗಿಸಿ ಇಷ್ಟೇ ಹೇಳಿದರು: "ಬಿಡಬೇಕಾದ್ದನ್ನು ಇಟ್ಟುಕೊಂಡು, ಇಟ್ಟುಕೊಳ್ಳಬೇಕಾದ್ದನ್ನು ಬಿಟ್ಟಿದ್ದೀಯಲ್ಲ!" ಈ ಮಾತಿನ ಅರ್ಥವನ್ನು ಹುಡುಕುತ್ತ ಹೋದಾಗ ನನಗೆ ದೊರೆತುದನ್ನು ಮುಂದೆ ನಿವೇದಿಸುತ್ತೇನೆ.

ಮೊಡವೆ ಎಂದರೇನು?

ನಮ್ಮ ಚರ್ಮದ ತುಂಬ ರೋಮಕೂಪಗಳೆಂಬ ಸಣ್ಣ ಕುಳಿಗಳಿವೆ. ಪ್ರತಿ ಕೂಪದ ಪಕ್ಕದಲ್ಲಿಯೂ ಒಂದು ತೈಲಗ್ರಂಥಿ ಇದೆ. ಅದು ಸ್ರವಿಸುವ ಜಿಡ್ಡು ಕೂಪದ ಮೂಲಕ ಮೇಲೆ ಬಂದು ಚರ್ಮವನ್ನು ಮೃದುವಾಗಿಡುತ್ತದೆ. ಹರೆಯ ಬಂದಾಗ ದೇಹದಲ್ಲಿ ಆಂಡ್ರೋಜೆನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಇವು ಗಂಡಸರಲ್ಲಿ ಮಾತ್ರವಲ್ಲ, ಹೆಂಗಸರಲ್ಲಿಯೂ ಇರುತ್ತವೆ. ಇವುಗಳ ಪ್ರೇರಣೆಯಿಂದ ತೈಲಗ್ರಂಥಿಗಳು ಹಿಗ್ಗಿ ಹೆಚ್ಚು ಜಿಡ್ಡನ್ನು ಸುರಿಸುತ್ತವೆ. ಅದೇ ಕಾಲಕ್ಕೆ ಕೂಪದ ಒಳಗೋಡೆಯ ಸತ್ತ ಕೋಶಗಳು ಸರಿಯಾಗಿ ಉದುರದೆ ಒಂದಕ್ಕೊಂದು ಅಂಟಿಕೊಂಡು ಬಾಯಿಯನ್ನು ಮುಚ್ಚುತ್ತವೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಜೀವಿ ವೃದ್ಧಿಯಾಗುತ್ತದೆ. ದೇಹ ಅದನ್ನು ಎದುರಿಸುವಾಗ ಆ ಸ್ಥಳ ಕೆಂಪಾಗಿ, ಊದಿ, ಕೀವು ತುಂಬುತ್ತದೆ. ಇದೇ ಮೊಡವೆ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದಾಗಿ, ಮುಖದ ಜಿಡ್ಡನ್ನು ಗ್ರಂಥಿಯೇ ತಯಾರಿಸುತ್ತದೆ. ನಾವು ತಿಂದ ಒಗ್ಗರಣೆಯ ಎಣ್ಣೆ ಹಾಗೆಯೇ ಗಲ್ಲದ ಮೇಲೆ ಬಂದು ಜಿನುಗುವುದಿಲ್ಲ. ಎರಡನೆಯದಾಗಿ, ಮೊಡವೆಯ ಕರಿಯ ತಲೆ ಕೊಳೆಯಲ್ಲ. ಮುಚ್ಚಿದ ವಸ್ತುವಿಗೆ ಗಾಳಿ ತಾಗಿ ಬಂದ ಬಣ್ಣ. ಆದುದರಿಂದ ಮೊಡವೆ ಇರುವವರನ್ನು ಜಿಹ್ವಾಲೋಲರೆಂದಾಗಲಿ ಕೊಳಕರೆಂದಾಗಲಿ ತಿಳಿಯುವುದು ತಪ್ಪು. 12ರಿಂದ 24 ವರ್ಷದೊಳಗಿನವರಲ್ಲಿ ನೂರಕ್ಕೆ 85 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ನಮ್ಮ ತರಗತಿಯಲ್ಲಿ ಒಮ್ಮೆ ತಿರುಗಿ ನೋಡಿದರೆ ಇದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಪೂರ್ವಿಕರಿಗೂ ಇದು ತಿಳಿಯದ ವಿಷಯವಲ್ಲ. ಸುಶ್ರುತ ಸಂಹಿತೆಯಲ್ಲಿ ಕ್ಷುದ್ರರೋಗಗಳ ನಡುವೆ ಮೊಡವೆಗೆ 'ಮುಖದೂಷಿಕಾ' ಎಂಬ ಹೆಸರಿದೆ. ಬೂರುಗದ ಮರದ ಮುಳ್ಳಿನಂತೆ ತರುಣರ ಮುಖದಲ್ಲಿ ಏಳುವ ಗುಳ್ಳೆಗಳೆಂದು ಅಲ್ಲಿ ವರ್ಣನೆ. ಬೂರುಗದ ಕಾಂಡವನ್ನು ಕಂಡವರಿಗೆ ಆ ಹೋಲಿಕೆ ಎಷ್ಟು ಸರಿಯೆಂಬುದು ಗೊತ್ತು. ಕಫ, ವಾತ, ರಕ್ತ ಇವು ಕಾರಣವೆಂದು ಆ ಶ್ಲೋಕ ಹೇಳುತ್ತದೆ. ತರುಣರಿಗೆ ಬರುವುದೆಂದು ಸ್ಪಷ್ಟವಾಗಿ ಹೇಳುತ್ತದೆ. ಇಂಥ ಪದಾರ್ಥವನ್ನು ತಿಂದವರಿಗೆ ಬರುವುದೆಂದು ಮಾತ್ರ ಅಲ್ಲಿ ಹೇಳಿಲ್ಲ.

ಚರ್ಮಕ್ಕೂ ಅನ್ನಕ್ಕೂ ನಂಟಿಲ್ಲವೆ?

ಹಾಗಾದರೆ ಚರ್ಮದ ಆರೋಗ್ಯಕ್ಕೂ ಊಟಕ್ಕೂ ಸಂಬಂಧವೇ ಇಲ್ಲವೆ ಎಂದು ಕೇಳಬಹುದು. ಉಂಟು, ಬಲವಾಗಿಯೇ ಉಂಟು. ಅದಕ್ಕೆ ಪೆಲಾಗ್ರ ಎಂಬ ರೋಗವೇ ನಿದರ್ಶನ. ಈ ರೋಗದಲ್ಲಿ ಬಿಸಿಲು ತಾಗುವ ಕೈ, ಕಾಲು, ಕೊರಳುಗಳ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿಭ್ರಮಣೆಯೂ ಆಗುತ್ತದೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ್ದ ಬಡವರಲ್ಲಿ ಇದು ಹಬ್ಬಿದಾಗ ಅಂಟುರೋಗವೆಂದೇ ಅನೇಕರು ನಂಬಿದ್ದರು. 1914ರಿಂದ ಇದರ ಬೆನ್ನು ಹತ್ತಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ಇದು ಊಟದ ಕೊರತೆಯೆಂದು ತೋರಿಸಿಕೊಟ್ಟನು. ಕೊರತೆ ಯಾವುದರದು ಎಂಬುದು 1937ರಲ್ಲಿ ಕಾನ್ರಾಡ್ ಎಲ್ವೆಜೆಮ್‌ನ ಪ್ರಯೋಗಗಳಿಂದ ಹೊರಬಿತ್ತು: ಅದು ನಯಾಸಿನ್ ಎಂಬ ಬಿ ಜೀವಸತ್ವ.

ಈ ಕಥೆಗೆ ನಮ್ಮ ನೆಲದ ಅಧ್ಯಾಯವೂ ಒಂದಿದೆ. ದಖ್ಖನದ ಪ್ರಸ್ಥಭೂಮಿಯಲ್ಲಿ ಬರಿಯ ಬಿಳಿಜೋಳದ ಮೇಲೆ ಬದುಕುವ ಬಡವರಲ್ಲಿಯೂ ಪೆಲಾಗ್ರ ಕಾಣಿಸುತ್ತಿತ್ತು. ಹೈದರಾಬಾದಿನ ಪೋಷಣ ಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಸುಮಾರಿಗೆ ಇದನ್ನು ಅಭ್ಯಾಸ ಮಾಡಿದರು. ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶದ ಆಧಿಕ್ಯ ಇದಕ್ಕೆ ಕಾರಣವಿರಬಹುದೆಂದು ಅವರು ಪ್ರತಿಪಾದಿಸಿದರು. ಇದರಿಂದ ಜೋಳ ಕೆಟ್ಟದ್ದೆಂದು ತಿಳಿಯಬಾರದು. ಕೆಟ್ಟದ್ದು ಜೋಳವಲ್ಲ, ಜೋಳದ ಜೊತೆಗೆ ಬೇರೇನೂ ಇಲ್ಲದ ಬಡತನ. ರೊಟ್ಟಿಯ ಜೊತೆ ಕಾಳು, ಸೊಪ್ಪು, ಹಾಲುಹೈನು ಇದ್ದವರನ್ನು ಈ ರೋಗ ಮುಟ್ಟುವುದಿಲ್ಲ. ನಯಾಸಿನ್ ಹೇರಳವಾಗಿರುವ ಅಗ್ಗದ ಪದಾರ್ಥಗಳಲ್ಲಿ ಒಂದು ಯಾವುದೆಂದು ಬಲ್ಲಿರಾ? ಶೇಂಗಾ! ಚರ್ಮಕ್ಕೆ ವೈರಿಯೆಂದು ನಾನು ದೂರವಿಟ್ಟ ಪದಾರ್ಥದಲ್ಲಿಯೇ ಚರ್ಮವನ್ನು ಕಾಯುವ ಜೀವಸತ್ವ ತುಂಬಿದೆ. ರೊಟ್ಟಿಯ ಬದಿಗೆ ಹಿಂಡಿ ಇಟ್ಟ ನಮ್ಮ ಹಿರಿಯರಿಗೆ ಜೀವಸತ್ವದ ಹೆಸರು ತಿಳಿದಿರಲಿಲ್ಲ. ಆ ಜೋಡಿ ಮಾತ್ರ ಒಳ್ಳೆಯ ಜೋಡಿ.

ಮೊಡವೆ ಪೆಲಾಗ್ರದಂತೆ ಕೊರತೆಯ ರೋಗವಲ್ಲ. ಅದರಲ್ಲಿ ಊಟದ ಪಾತ್ರವೆಷ್ಟು? ಈಗ ಪ್ರಕೃತಕ್ಕೆ ಬರೋಣ.

ಪ್ರಯೋಗಗಳು ಏನು ಹೇಳುತ್ತವೆ?

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬುದು ನಮ್ಮ ಮತ್ತೊಂದು ಗಾದೆ. ಪ್ರಮಾಣಿಸಿ ನೋಡಿದವರ ಕಥೆಯೂ ಏರಿಳಿತದ್ದೇ. 1969ರಲ್ಲಿ ಅಮೆರಿಕದ ಫುಲ್ಟನ್, ಪ್ಲೆವಿಗ್, ಕ್ಲಿಗ್ಮನ್ ಎಂಬ ಮೂವರು ಮೊಡವೆಯಿದ್ದ 65 ಜನರಿಗೆ ನಾಲ್ಕು ವಾರ ಚಾಕೊಲೇಟು ಬಹಳವಾಗಿದ್ದ ಮಿಠಾಯಿಯನ್ನೂ, ಇನ್ನು ನಾಲ್ಕು ವಾರ ಚಾಕೊಲೇಟು ಇಲ್ಲದ ಮಿಠಾಯಿಯನ್ನೂ ತಿನ್ನಿಸಿ ನೋಡಿದರು. ಮೊಡವೆಯಲ್ಲಿ ಭೇದ ಕಾಣಲಿಲ್ಲ. ಆಮೇಲೆ ದಶಕಗಳ ಕಾಲ 'ಮೊಡವೆಗೂ ಆಹಾರಕ್ಕೂ ಸಂಬಂಧವಿಲ್ಲ' ಎಂಬುದು ವೈದ್ಯರಲ್ಲಿ ರೂಢವಾಯಿತು. ಆದರೆ ಆ ಎರಡನೆಯ ಮಿಠಾಯಿಯಲ್ಲಿಯೂ ಸಕ್ಕರೆ, ಕೊಬ್ಬುಗಳು ಹೆಚ್ಚುಕಡಿಮೆ ಅಷ್ಟೇ ಇದ್ದವು. ಎರಡು ಗಡಿಗೆಯ ಸಾರಿಗೂ ಒಂದೇ ಅಳತೆಯ ಉಪ್ಪು ಹಾಕಿ, ಉಪ್ಪಿನಿಂದ ರುಚಿ ಕೆಡುವುದಿಲ್ಲವೆಂದು ಸಾಧಿಸಿದಂತಾಯಿತು! ಪ್ರಯೋಗ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ಅದರ ಅಳತೆಗಿಂತ ದೊಡ್ಡದಾಯಿತು.

ಪ್ರಶ್ನೆ ಮತ್ತೆ ಎದ್ದದ್ದು 2002ರಲ್ಲಿ. ಪಪುವಾ ನ್ಯೂಗಿನಿಗೆ ಸೇರಿದ ಕಿಟಾವ ಎಂಬ ದ್ವೀಪದಲ್ಲಿ ಗೆಣಸಿನಂಥ ಗಡ್ಡೆ, ಹಣ್ಣು, ಮೀನು, ತೆಂಗಿನಕಾಯಿಗಳ ಮೇಲೆ ಬದುಕುವ 1200 ಜನರನ್ನು ವೈದ್ಯರು ಪರೀಕ್ಷಿಸಿದ್ದರು. ಅವರಲ್ಲಿ 300 ಮಂದಿ 15ರಿಂದ 25 ವರ್ಷದವರು. ಒಬ್ಬರ ಮುಖದಲ್ಲಿಯೂ ಮೊಡವೆ ಇರಲಿಲ್ಲ ಎಂಬ ವರದಿ ಆ ವರ್ಷ ಪ್ರಕಟವಾಯಿತು. ಆ ದ್ವೀಪದಲ್ಲಿ ಸಕ್ಕರೆ, ಮೈದಾ, ಹಾಲು ಇವುಗಳ ಬಳಕೆ ಅತ್ಯಲ್ಪ. ಆದರೆ ಅವರ ರಕ್ತಸಂಬಂಧ, ಅವರ ದುಡಿಮೆ, ಅವರ ಬಾಳುವೆ ಎಲ್ಲವೂ ಬೇರೆಯಾದುದರಿಂದ ಊಟವೊಂದೇ ಕಾರಣವೆನ್ನಲು ಇದೊಂದೇ ಸಾಲದು.

2007ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಇದನ್ನೇ ನೇರವಾಗಿ ಪರೀಕ್ಷಿಸಿದರು. ಅದನ್ನು ತಿಳಿಯಲು ಒಂದು ಪರಿಭಾಷೆಯ ಪರಿಚಯ ಬೇಕು. ತಿಂದ ಪಿಷ್ಟ, ಸಕ್ಕರೆಗಳು ಎಷ್ಟು ಬೇಗ ರಕ್ತದ ಗ್ಲೂಕೋಸನ್ನು ಏರಿಸುತ್ತವೆ ಎಂಬುದನ್ನು ಅಳೆಯುವ ಮಾನಕ್ಕೆ ಗ್ಲೈಸೆಮಿಕ್ ಸೂಚಿ ಎಂದು ಹೆಸರು. 1981ರಲ್ಲಿ ಕೆನಡಾದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಇದನ್ನು ಬಳಕೆಗೆ ತಂದರು. ಗ್ಲೂಕೋಸಿಗೆ 100 ಎಂದು ಇಟ್ಟರೆ ಬಿಳಿ ಬ್ರೆಡ್ಡು 75ರ ಆಸುಪಾಸು, ಬಿಳಿ ಅನ್ನ ಅಕ್ಕಿಯ ಜಾತಿಗೆ ತಕ್ಕಂತೆ ಸುಮಾರು 70, ಕಡಲೆ ಸುಮಾರು 30. ಶೇಂಗಾ ಸುಮಾರು 14!

ಮೆಲ್ಬೋರ್ನಿನ ಪ್ರಯೋಗಕ್ಕೆ ಒಳಗಾದವರು ಮೊಡವೆಯಿದ್ದ 43 ತರುಣರು, ನಮ್ಮದೇ ಪ್ರಾಯದವರು. ಅರ್ಧದಷ್ಟು ಜನರಿಗೆ ಸೂಚಿ ಕಡಿಮೆಯಿರುವ, ಪ್ರೋಟೀನು ಹೆಚ್ಚಿರುವ ಆಹಾರ. ಉಳಿದವರಿಗೆ ಎಂದಿನ ಆಹಾರ. 12 ವಾರಗಳ ಬಳಿಕ ಮೊದಲ ಗುಂಪಿನಲ್ಲಿ ಸರಾಸರಿ 23.5 ಮೊಡವೆಗಳು ಕಡಿಮೆಯಾದವು, ಎರಡನೆಯದರಲ್ಲಿ 12. ಎಂದಿನಂತೆ ಉಂಡವರಲ್ಲಿಯೂ 12 ಕಡಿಮೆಯಾದುದನ್ನು ಮರೆಯಬಾರದು. ಕಾಲವೂ ಒಬ್ಬ ವೈದ್ಯನೇ. ನಾವು ಬಿಟ್ಟ ಪದಾರ್ಥಕ್ಕೆ ಸಲ್ಲಿಸುವ ಕೀರ್ತಿ ಎಷ್ಟೋ ಸಲ ಅವನಿಗೆ ಸಲ್ಲಬೇಕಾದುದು. ಇದಲ್ಲದೆ ಮೊದಲ ಗುಂಪಿನವರ ತೂಕವೂ ಇಳಿದಿತ್ತು. ಲಾಭದಲ್ಲಿ ಅದರ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೂ ಎರಡು ಗುಂಪುಗಳ ಅಂತರವನ್ನು ತಳ್ಳಿಹಾಕುವಂತಿಲ್ಲ.

ಇದರ ಒಳಗುಟ್ಟು ಹೀಗೆ. ಸಕ್ಕರೆ, ಮೈದಾಗಳು ಬೇಗ ಕರಗಿ ರಕ್ತದಲ್ಲಿ ಗ್ಲೂಕೋಸು ಥಟ್ಟನೆ ಏರಿದಾಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ನನ್ನು ಹೊರಡಿಸುತ್ತದೆ. ಇನ್ಸುಲಿನ್ ಏರಿದರೆ ಐ.ಜಿ.ಎಫ್.-1 ಎಂಬ ಬೆಳವಣಿಗೆಯ ಹಾರ್ಮೋನಿನ ಪ್ರಭಾವವೂ ಆಂಡ್ರೋಜೆನ್ನುಗಳ ಪ್ರಭಾವವೂ ಏರುತ್ತವೆ. ಇವೆರಡೂ ತೈಲಗ್ರಂಥಿಗೆ ಇನ್ನಷ್ಟು ಜಿಡ್ಡು ಸುರಿಸೆಂದು ಆಜ್ಞೆ ಮಾಡುತ್ತವೆ. ಎಂದರೆ ಬೆಂಕಿ ಹಚ್ಚಿದ್ದು ಹರೆಯ. ಸಕ್ಕರೆ ಅದಕ್ಕೆ ಹಾಕಿದ ಸೌದೆ.

ಇನ್ನು ಹಾಲು. ನಮ್ಮಲ್ಲಿ ಹಾಲು 'ತಂಪು'. ಆದರೆ 2005ರಲ್ಲಿ ಪ್ರಕಟವಾದ ಅಮೆರಿಕದ ಅಭ್ಯಾಸವೊಂದಕ್ಕಾಗಿ 47,355 ಮಂದಿ ಮಹಿಳೆಯರನ್ನು ಅವರ ಹೈಸ್ಕೂಲು ದಿನಗಳ ಊಟವನ್ನು ಕುರಿತು ಕೇಳಿದಾಗ, ಹೆಚ್ಚು ಹಾಲು ಕುಡಿಯುತ್ತಿದ್ದವರಲ್ಲಿ, ಅದರಲ್ಲಿಯೂ ಕೆನೆ ತೆಗೆದ ಹಾಲು ಕುಡಿಯುತ್ತಿದ್ದವರಲ್ಲಿ, ಮೊಡವೆ ತುಸು ಹೆಚ್ಚೆಂದು ಕಂಡಿತು. ಇದು ಹಲವು ವರ್ಷಗಳ ಹಿಂದಿನ ನೆನಪಿನ ಮೇಲೆ ನಿಂತ ಲೆಕ್ಕ. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆನ್ನಲಾಗದು. ಚಹಾದಲ್ಲಿ ನಾವು ಬೆರೆಸುವ ನಾಲ್ಕು ಚಮಚ ಹಾಲಿಗೆ ಇದರಿಂದ ಅಂಜಬೇಕಾಗಿಲ್ಲ. ನಾನು ಇದನ್ನು ಎತ್ತಿದ್ದು ಒಂದೇ ಕಾರಣಕ್ಕೆ: 'ಉಷ್ಣ', 'ತಂಪು' ಎಂಬ ವಿಂಗಡಣೆಗೂ ಪ್ರಯೋಗಗಳ ಫಲಕ್ಕೂ ಹೊಂದಿಕೆಯಾಗುವುದಿಲ್ಲ. ತಂಪೆನಿಸಿದ ಹಾಲಿನ ಮೇಲೆ ಶಂಕೆ ಬಿದ್ದಿದೆ. ಉಷ್ಣವೆನಿಸಿದ ಶೇಂಗಾದ ಸೂಚಿ ಎಲ್ಲಕ್ಕಿಂತ ಕೆಳಗಿದೆ.

ನನ್ನ ತಾಟಿನ ಲೆಕ್ಕ

ಈಗ ಆ ವೈದ್ಯರ ಮಾತು ಅರ್ಥವಾಯಿತು. ನಾನು ಬಿಟ್ಟದ್ದು ಶೇಂಗಾ, ಮೊಟ್ಟೆ, ಕಾಳು, ಪಲ್ಲೆ. ಇಟ್ಟುಕೊಂಡದ್ದು ಬಿಳಿ ಅನ್ನ, ಸಕ್ಕರೆ, ಬಿಸ್ಕೀಟು. ನಿರಪರಾಧಿಗಳನ್ನು ಊರ ಹೊರಗೆ ಹಾಕಿ, ಶಂಕಿತರನ್ನು ಪಂಕ್ತಿಯಲ್ಲಿ ಕೂರಿಸಿಕೊಂಡು ಉಂಡಿದ್ದೆ. ಅದರ ಫಲವಾಗಿ ಮೊಡವೆಯೂ ಉಳಿಯಿತು, ರಕ್ತವೂ ತೆಳುವಾಯಿತು.

ಇದು ನನ್ನೊಬ್ಬಳ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ರಾಜ್ಯದಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಇತ್ತು. ಇಂಥ ನಾಡಿನಲ್ಲಿ ಹುಡುಗಿಯ ತಾಟಿನಿಂದ ಕಾಳು, ಮೊಟ್ಟೆ, ಸೊಪ್ಪುಗಳನ್ನು ಎತ್ತಿಡುವುದು ಸಣ್ಣ ಸಂಗತಿಯಲ್ಲ. ಮುಖದ ಗುಳ್ಳೆ ಕೆಲವು ವರ್ಷಗಳ ಮಾತು. ಮೈಯ ಬಲ ಬಾಳಿನುದ್ದಕ್ಕೂ ಬೇಕಾದದ್ದು.

ಹಾಗೆಂದು ಸಕ್ಕರೆಯೇ ಮೊಡವೆಯ ಮೂಲವೆಂದು ಹೊಸದೊಂದು ಮೂಢನಂಬಿಕೆಯನ್ನು ಹುಟ್ಟಿಸಬಾರದು. 2002ರಲ್ಲಿ ಬ್ರಿಟನ್ನಿನಲ್ಲಿ ಅವಳಿ ಸೋದರಿಯರನ್ನು ಹೋಲಿಸಿ ನಡೆಸಿದ ಅಭ್ಯಾಸವೊಂದರಲ್ಲಿ, ಮೊಡವೆಯ ವಿಷಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ನೂರಕ್ಕೆ 81 ಭಾಗ ವಂಶದಿಂದ ಬಂದುದೆಂದು ಕಂಡಿತು. ಸಿಹಿಯನ್ನೇ ಮುಟ್ಟದವರಿಗೂ ಮೊಡವೆ ಬರಬಹುದು. ದಿನವೂ ಜಿಲೇಬಿ ತಿನ್ನುವವರ ಮುಖ ಕನ್ನಡಿಯಂತಿರಬಹುದು. ಆಹಾರ ಇಲ್ಲಿ ಯಜಮಾನನಲ್ಲ, ಕೈಯಾಳು.

ಮಾಡಬೇಕಾದುದೇನು?

ಸಹಪಾಠಿಗಳಲ್ಲಿ ನನ್ನ ಬಿನ್ನಹ ಇಷ್ಟು. ಚಹಾದ ಸಕ್ಕರೆ, ಬಿಸ್ಕೀಟು, ಬಾಟಲಿಯ ಸಿಹಿ ಪಾನೀಯ, ಮೈದಾದ ತಿಂಡಿಗಳನ್ನು ಕಡಿಮೆ ಮಾಡೋಣ. ಮೊಡವೆ ಹೋಗದಿದ್ದರೂ ಇದರಿಂದ ನಷ್ಟವಿಲ್ಲ. ಅನ್ನವನ್ನಾಗಲಿ ರೊಟ್ಟಿಯನ್ನಾಗಲಿ ಬರಿದಾಗಿ ಉಣ್ಣದೆ ಹೆಸರುಕಾಳು, ಮಡಿಕೆಕಾಳು, ಪುಂಡಿಪಲ್ಲೆ, ಮೆಂತ್ಯ, ಮೊಸರುಗಳ ಜೊತೆಗೆ ಉಣ್ಣೋಣ. ಕಾಳು, ಸೊಪ್ಪುಗಳು ಜೊತೆಗಿದ್ದರೆ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ. ಪಲ್ಲೆಯ ಮೇಲೆ ಲಿಂಬೆ ಹಿಂಡಿದರೆ ಅದರ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ಅಡ್ಡಿಯಾಗುತ್ತದೆ.

ಯಾವುದೋ ಒಂದು ಪದಾರ್ಥ ತನಗೆ ಆಗುವುದಿಲ್ಲವೆಂದು ಯಾರಿಗಾದರೂ ಬಲವಾದ ಅನುಮಾನವಿದ್ದರೆ, ಅದೊಂದನ್ನೇ ಎರಡು ಮೂರು ತಿಂಗಳು ಬಿಟ್ಟು, ಗುರುತು ಹಾಕಿಕೊಂಡು, ಮತ್ತೆ ತಿಂದು ನೋಡಲಿ. ಹಿರಿಯರ ಅನುಭವವನ್ನು ತಿರಸ್ಕರಿಸುವುದು ಬೇಡ, ಪರೀಕ್ಷಿಸೋಣ. ನನ್ನಂತೆ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರ ಫಲ ಯಾವುದೆಂಬುದು ತಿಳಿಯುವುದೇ ಇಲ್ಲ.

ಮೊಡವೆಯನ್ನು ಚಿವುಟಬಾರದು, ಕಲೆ ಉಳಿಯುತ್ತದೆ. ಅಂಗಡಿಯವರು ಹೇಳಿದ ಸ್ಟೆರಾಯ್ಡು ಮುಲಾಮನ್ನು ಮುಖಕ್ಕೆ ಹಚ್ಚಲೇಬಾರದು. ಮೊದಲು ತಿಳಿಯಾದಂತೆ ತೋರಿ, ಬಳಿಕ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮೊಡವೆ ಇಮ್ಮಡಿಯಾಗುತ್ತದೆ. ಗಂಟುಗಂಟಾಗಿ ನೋಯುವ ಮೊಡವೆಯಿದ್ದರೆ, ಅಥವಾ ಹುಡುಗಿಯರಿಗೆ ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗುತ್ತಿದ್ದರೆ, ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಬೇಕು. ಒಳ್ಳೆಯ ಔಷಧಗಳಿವೆ, ಅವು ಕೆಲಸ ಮಾಡಲು 8ರಿಂದ 12 ವಾರ ಬೇಕು. ತಾಳ್ಮೆಯೂ ಔಷಧದ ಒಂದು ಭಾಗ.

ಬರೆದು ಮುಗಿಸುವ ಮೊದಲು ಮನೆಯ ಮಾತೊಂದನ್ನು ಹೇಳುತ್ತೇನೆ. ನನ್ನ ತಂಗಿಗೆ ಈಗ ಹದಿನಾಲ್ಕು. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅವಳ ಹಣೆಯ ಮೇಲೆ ನಾಲ್ಕಾರು ಗುಳ್ಳೆಗಳು ಎದ್ದಿದ್ದವು. ಊಟಕ್ಕೆ ಕೂತಾಗ ಅವ್ವ ಎಲ್ಲರಿಗೂ ಹಿಂಡಿ ಬಡಿಸಿ, ಅವಳ ತಾಟನ್ನು ಬಿಟ್ಟು ಮುಂದೆ ಹೋದಳು. ತಂಗಿ ತಲೆ ತಗ್ಗಿಸಿ ಬರಿಯ ರೊಟ್ಟಿ ಮುರಿಯತೊಡಗಿದಳು. ನಾನು ರಕ್ತದಾನದ ಸಾಲಿನಿಂದ ಹಿಂದೆ ಬಂದ ಕಥೆಯನ್ನು ಅಂದೇ ಮೊದಲ ಬಾರಿ ಅವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವೇನು ಕೆಟ್ಟಾಗ್ಲಿ ಅಂತ ಹೇಳಿದ್ವೇನs" ಎಂದಳು. ಅಲ್ಲವೆಂದು ನನಗೂ ಗೊತ್ತು. ಪ್ರೀತಿಯಿಂದ ಹೇಳಿದ ಮಾತೂ ಪ್ರಮಾಣಕ್ಕೆ ನಿಲ್ಲಬೇಕೆಂಬುದನ್ನು ಕಾಲೇಜು ನನಗೆ ಕಲಿಸಿದೆ. ಆ ಪ್ರಮಾಣವನ್ನು ಪ್ರೀತಿಯಿಂದಲೇ ಹೇಳಬೇಕೆಂಬುದನ್ನು ನಾನು ಆ ದಿನ ಕಲಿತೆ.

ಅವ್ವ ಎದ್ದು ಹಿಂಡಿಯ ಡಬ್ಬಿ ತಂದು, ತಂಗಿಯ ರೊಟ್ಟಿಯ ಬದಿಗೆ ಎರಡು ಚಮಚ ಹಾಕಿದಳು.